ಕಾಲಿಗೆ ತಕ್ಕ ತಾಳ: ಹಾಡು ಕೇಳ್ತಾ ಓಡೋರ ಪ್ರಶ್ನೆಗಳು

ಹೋದ ಸಂಚಿಕೇಲಿ ಮಂಡಿನೋವಿನ ಬಗ್ಗೆ ಬರೀತಾ ಕೊನೇಲಿ ಒಂದು ಮಾತು ಹೇಳಿದ್ದೆ, ಓಡುವಾಗ ಕಿವೀಲಿ ಯಾವ ಹಾಡಿದೆ ಅನ್ನೋದು ಕೂಡ ಕಾಲಿನ ಮೇಲೆ ಕೆಲಸ ಮಾಡತ್ತೆ ಅಂತ. ಆ ಒಂದು ಸಾಲಿಗೇ ಇಷ್ಟು ಪ್ರಶ್ನೆ ಬರತ್ತೆ ಅಂದ್ಕೊಂಡಿರ್ಲಿಲ್ಲ. ತುಂಬಾ ಪತ್ರಗಳು ಒಂದೇ ಥರ ಇದ್ವು, ಅದಕ್ಕೆ ಬೇರೆ ಬೇರೆ ವಯಸ್ಸಿನೋರು, ಬೇರೆ ಬೇರೆ ಕೆಲಸ ಮಾಡೋರು ಬರೆದ ಆರನ್ನ ಆರಿಸ್ಕೊಂಡಿದೀನಿ. ಈ ಸಲ ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ಮೇಡಂ, ನನಗೆ 24 ವರ್ಷ, ಎರಡು ತಿಂಗಳಿಂದ ಬೆಳಿಗ್ಗೆ ಓಡ್ತಾ ಇದೀನಿ. ಇಯರ್‌ಫೋನ್ ಹಾಕ್ಕೊಂಡು ಒಂದು ಮಾಸ್ ಸಾಂಗ್ ಹಾಕಿದ್ರೆ ಮೊದಲನೇ ಕಿಲೋಮೀಟರ್ ಹೇಗೆ ಹೋಯ್ತು ಅಂತಾನೇ ಗೊತ್ತಾಗಲ್ಲ, ಅದಾದ್ಮೇಲೆ ಏದುಸಿರು, ಪಕ್ಕೆ ಹಿಡ್ಕೊಳತ್ತೆ, ಉಳಿದಿದ್ದೆಲ್ಲ ನಡೆದೇ ಮುಗಿಸ್ತೀನಿ. ನನ್ನ ಫ್ರೆಂಡ್ 180 ಬಿಪಿಎಂ ಇರೋ ಹಾಡೇ ಕೇಳ್ಬೇಕು ಅಂತಾನೆ. ಏನಿದು ಬಿಪಿಎಂ, ನನಗೆ ಎಷ್ಟಿರ್ಬೇಕು?
ಓದುಗ, ದಾವಣಗೆರೆ

ಬಿಪಿಎಂ ಅಂದ್ರೆ ಹಾಡಲ್ಲಿ ಒಂದು ನಿಮಿಷಕ್ಕೆ ಎಷ್ಟು ಪೆಟ್ಟು ಬೀಳತ್ತೆ ಅನ್ನೋ ಲೆಕ್ಕ. ಬಸ್ಸಲ್ಲಿ ಹಾಡು ಕೇಳ್ತಾ ತೊಡೆ ಮೇಲೆ ಕೈ ತಟ್ಟುತ್ತೀರಲ್ಲ, ಅದೇ ಪೆಟ್ಟು. 15 ಸೆಕೆಂಡ್ ತಟ್ಟಿ, ಎಣಿಸಿ, 4ರಿಂದ ಗುಣಿಸಿದ್ರೆ ಆಯ್ತು, ಇಲ್ಲಾಂದ್ರೆ ಹಾಡಿಗೆ ಸರಿಯಾಗಿ ಸ್ಕ್ರೀನ್ ಮೇಲೆ ಬೆರಳು ತಟ್ಟಿದ್ರೆ ನಂಬರ್ ತೋರಿಸೋ ಫ್ರೀ ಆ್ಯಪ್‌ಗಳೂ ಇವೆ. ಓಡೋರ ಹತ್ರ ಇದರ ಜೋಡಿ ಲೆಕ್ಕ ಒಂದಿದೆ, ಕೇಡೆನ್ಸ್, ಅಂದ್ರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ. ಹಾಡಿನ ಪೆಟ್ಟು ಮತ್ತೆ ಹೆಜ್ಜೆ ಹತ್ತಿರ ಹತ್ತಿರ ಬಂದ್ರೆ ಸಾಕು, ನೀವು ಬೇಕಂತ ಮಾಡದೇ ಇದ್ರೂ ಕಾಲು ಹೋಗಿ ಆ ಪೆಟ್ಟಿಗೆ ಅಂಟ್ಕೊಳತ್ತೆ. ಮೊದಲನೇ ಕಿಲೋಮೀಟರ್‌ನಲ್ಲಿ ನಿಮಗೆ ಆಗ್ತಿರೋದು ಇದೇ. ಕಾಲು ಹಾಡಿಗೆ ಅಂಟ್ಕೊಂಡು ಓಡ್ತಿದೆ, ಉಸಿರಿಗೆ ಇನ್ನೂ ನಿದ್ದೆ ಬಿಟ್ಟಿಲ್ಲ.

180ರ ಕಥೆ ಹೇಳ್ತೀನಿ, ಯಾಕಂದ್ರೆ ಅರ್ಧ ಗೊತ್ತಿರೋರು ಇದನ್ನ ತುಂಬಾ ಹೇಳ್ತಾರೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕಾದ ಕೋಚ್ ಜ್ಯಾಕ್ ಡೇನಿಯಲ್ಸ್ ಮತ್ತೆ ಅವರ ಹೆಂಡತಿ ಕೂತ್ಕೊಂಡು 46 ಓಟಗಾರರ ಹೆಜ್ಜೆ ಎಣಿಸಿದ್ರು. ಒಬ್ಬರನ್ನ ಬಿಟ್ಟು ಉಳಿದೋರೆಲ್ಲ ನಿಮಿಷಕ್ಕೆ 180 ಅಥವಾ ಅದಕ್ಕಿಂತ ಜಾಸ್ತಿ ಹೆಜ್ಜೆ ಹಾಕ್ತಿದ್ರು. ಅಲ್ಲಿಂದ ಆ ನಂಬರ್ ಎಲ್ಲರ ಬಾಯಿಗೂ ಬಂತು. ಆದ್ರೆ ಅವರು ಪ್ರಪಂಚದ ಅತಿ ವೇಗದ ಓಟಗಾರರು, ಅದೂ ಒಲಿಂಪಿಕ್ಸ್ ರೇಸಲ್ಲಿ ಓಡ್ತಿದ್ದಾಗ ಎಣಿಸಿದ್ದು. ಎರಡು ತಿಂಗಳಿಂದ ಓಡ್ತಿರೋ ನೀವು ಬೆಳಿಗ್ಗೆ ಆರಾಮಾಗಿ ಓಡುವಾಗ 155 ಇರಬಹುದು, 165 ಇರಬಹುದು, ಎತ್ತರ ಇದ್ರೆ ಇನ್ನೂ ಸ್ವಲ್ಪ ಕಮ್ಮಿ ಇರಬಹುದು, ಅದ್ರಲ್ಲಿ ತಪ್ಪೇನಿಲ್ಲ.

ಲೆಕ್ಕ ಹಾಕಿ ನೋಡೋಣ. ವೇಗ ಅಂದ್ರೆ ಹೆಜ್ಜೆ ಎಷ್ಟು ಬೇಗ ಬೀಳತ್ತೆ ಅನ್ನೋದನ್ನ ಹೆಜ್ಜೆ ಎಷ್ಟು ಉದ್ದ ಅನ್ನೋದ್ರಿಂದ ಗುಣಿಸಿದ್ದು. ನಿಮಿಷಕ್ಕೆ 160 ಹೆಜ್ಜೆ, ಒಂದೊಂದೂ 80 ಸೆಂಟಿಮೀಟರ್ ಅಂತಿಟ್ಕೊಳ್ಳಿ, ನಿಮಿಷಕ್ಕೆ 128 ಮೀಟರ್ ಆಯ್ತು, ಕಿಲೋಮೀಟರ್‌ಗೆ 7 ನಿಮಿಷ 49 ಸೆಕೆಂಡ್. ಈಗ ಹೆಜ್ಜೆಯ ಉದ್ದ ಅಷ್ಟೇ ಇಟ್ಕೊಂಡು 180ರ ಹಾಡಿಗೆ ಓಡಿದ್ರೆ ಕಿಲೋಮೀಟರ್‌ಗೆ 6 ನಿಮಿಷ 57 ಸೆಕೆಂಡ್ ಆಗತ್ತೆ. ಒಂದು ಹಾಡು ಬದಲಾಯಿಸಿದ್ದಕ್ಕೆ 52 ಸೆಕೆಂಡ್ ಜಾಸ್ತಿ ವೇಗ ಕೇಳಿದ ಹಾಗಾಯ್ತು ಹೃದಯವನ್ನ, ಪಕ್ಕೆ ಹಿಡೀದೇ ಇನ್ನೇನಾಗತ್ತೆ.

ಅದಕ್ಕೆ ಮೂರು ದಿನ ಹಾಡಿಲ್ಲದೇ ಓಡಿ. ನಾನು ಮೈಸೂರಲ್ಲಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹೊಸಬರನ್ನ ಕರ್ಕೊಂಡು ಹೋದ್ರೆ ಮೊದಲ ವಾರ ಮಾಡಿಸೋದು ಇದನ್ನೇ. ಹತ್ತು ನಿಮಿಷ ಓಡಿ ಮೈ ಬಿಸಿ ಆದ್ಮೇಲೆ, ಪಕ್ಕದೋರ ಹತ್ರ ಒಂದು ವಾಕ್ಯ ಪೂರ್ತಿ ಮಾತಾಡೋಕೆ ಆಗೋ ವೇಗದಲ್ಲಿ, ಬಲಗಾಲು ನೆಲಕ್ಕೆ ಬೀಳೋದನ್ನ ಮಾತ್ರ 30 ಸೆಕೆಂಡ್ ಎಣಿಸಿ. ಮಣ್ಣಿನ ದಾರಿ ಆದ್ರೆ ಇನ್ನೂ ಒಳ್ಳೇದು, ಚರ್ ಚರ್ ಅಂತ ಸದ್ದು ಬರತ್ತಲ್ಲ, ಕಣ್ಣು ಮುಂದೆ ಇಟ್ಟೇ ಕಿವೀಲಿ ಎಣಿಸಬಹುದು. 40 ಬಂದ್ರೆ 4ರಿಂದ ಗುಣಿಸಿ 160. ಅದು ನಿಮ್ಮ ನಂಬರ್. ಇನ್ನು ಹಾಡು ಹುಡುಕಬೇಕಾದ್ದು ಆ ನಂಬರ್‌ಗೆ. 160ರ ಹಾಡು ಸಿಕ್ಕಲಿಲ್ಲ ಅಂದ್ರೆ 80ರದ್ದು ಸಿಕ್ಕೇ ಸಿಗತ್ತೆ, ಒಂದು ಪೆಟ್ಟಿಗೆ ಎರಡು ಹೆಜ್ಜೆ ಹಾಕಿ. ನಮ್ಮ ಸಿನಿಮಾ ಹಾಡುಗಳಲ್ಲಿ ಮೆಲೋಡಿ ಅಂತ ನಾವು ಪಕ್ಕಕ್ಕಿಟ್ಟ ಎಷ್ಟೋ ಹಾಡು ಹೀಗೆ ಓಟಕ್ಕೆ ಸರಿಯಾಗಿ ಕೂತ್ಕೊಳತ್ತೆ.

ಮಾಸ್ ಸಾಂಗ್ ಬಿಡಿ ಅಂತ ಹೇಳ್ತಿಲ್ಲ, ಅದನ್ನ ಕೊನೇ ಎಂಟು ನಿಮಿಷಕ್ಕೆ ಇಟ್ಕೊಳ್ಳಿ. ಶುರುವಿಗೆ ನಿಮ್ಮ ನಂಬರ್‌ಗಿಂತ ಐದು ಕಮ್ಮಿ ಇರೋ ಹಾಡು, ನಿಮಗೆ ಮುಂದೆ ಹೋಗೋಣ ಅನ್ನಿಸಿದಾಗ ಕೈ ಹಿಡಿದು ತಡೆಯೋ ಅಂಥದ್ದು. ನನ್ನ ಮಟ್ಟಿಗೆ ಓಟದಲ್ಲಿ ಹಾಡಿನ ದೊಡ್ಡ ಉಪಕಾರ ಇದೇ, ಅದು ತಡೆಯತ್ತೆ. ನಾನು ಇದನ್ನ ಕಲ್ತಿದ್ದು ಒಂದು ಹಾಫ್ ಮ್ಯಾರಥಾನ್‌ನಲ್ಲಿ. ಕಿಲೋಮೀಟರ್‌ಗೆ ಆರೂವರೆ ನಿಮಿಷ ಅಂತ ಮೂರು ತಿಂಗಳು ಅಭ್ಯಾಸ ಮಾಡಿದ್ದೆ, ಸ್ಟಾರ್ಟಿಂಗ್ ಲೈನ್‌ನಲ್ಲಿ ಖುಷಿಗೆ ಒಂದು ಜೋರಾದ ಹಾಡು ಹಾಕ್ಕೊಂಡೆ, ಮೊದಲ ಮೂರು ಕಿಲೋಮೀಟರ್ ಐದೂವರೆಯಲ್ಲಿ ಹೋಯ್ತು, ಏನೂ ಕಷ್ಟ ಅನ್ನಿಸಲಿಲ್ಲ, ಹದಿನಾಲ್ಕನೇ ಕಿಲೋಮೀಟರ್‌ನಲ್ಲಿ ಎರಡೂ ಮೀನಖಂಡ ಕಲ್ಲಾಗಿ ರೋಡ್ ಡಿವೈಡರ್ ಮೇಲೆ ಕೂತೆ. ವಾಲಂಟಿಯರ್ ಹುಡುಗಿ ಒಬ್ಳು ಬಂದು ಕಾಲು ಎಳೆದು ಉಪ್ಪು ಸಕ್ಕರೆ ನೀರು ಕುಡಿಸಿದ್ಳು, ಅವಳ ಮುಖ ಇನ್ನೂ ನೆನಪಿದೆ.

ಒಂದು ವಿಷಯ ಮಾತ್ರ ಸೇರಿಸ್ತೀನಿ. ಓಡಿದ್ಮೇಲೆ ಮಂಡಿ ನೋಯ್ತಿದ್ರೆ, ವೇಗ ಅಷ್ಟೇ ಇಟ್ಕೊಂಡು ಹೆಜ್ಜೆ ಚಿಕ್ಕದು ಮಾಡಿ ಕೇಡೆನ್ಸ್ ಸ್ವಲ್ಪ ಜಾಸ್ತಿ ಮಾಡ್ಬಹುದು. ಅಮೆರಿಕಾದ ವಿಸ್ಕಾನ್ಸಿನ್ ಯೂನಿವರ್ಸಿಟಿಯೋರು 2011ರಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲಿ ನಿಮಿಷಕ್ಕೆ ಹಾಕೋ ಹೆಜ್ಜೆಗಳನ್ನ ನೂರಕ್ಕೆ 5ರಿಂದ 10ರಷ್ಟು ಹೆಚ್ಚಿಸಿದಾಗ ಮಂಡಿ ಮೇಲೆ, ಸೊಂಟದ ಕೀಲಿನ ಮೇಲೆ ಬೀಳೋ ಹೊರೆ ಕಮ್ಮಿ ಆಗಿದ್ದು ಕಂಡಿದೆ. 160 ಇರೋರು 168ರ ಹಾಡು, ಅಂದ್ರೆ 84ರದ್ದು ಹಾಕ್ಕೊಂಡು ಮೊದಲು ಐದೈದು ನಿಮಿಷ ಪ್ರಯತ್ನ ಮಾಡಿ. ಹೆಜ್ಜೆ ಕಿರಿದಾಗಬೇಕು, ವೇಗ ಏರಬಾರದು. ಶುರುವಿನಲ್ಲಿ ಇದು ವಿಚಿತ್ರ ಅನ್ಸತ್ತೆ, ಎರಡು ವಾರ ಬೇಕು.

ಪ್ರಶ್ನೆ: ನನಗೆ 56, ಶುಗರ್ ಇದೆ. ಡಾಕ್ಟರ್ ದಿನಾ ಅರ್ಧ ಗಂಟೆ ಬಿರುಸಾಗಿ ನಡೀರಿ ಅಂದಿದಾರೆ. ಸಂಜೆ ಸ್ಕೂಲ್ ಗ್ರೌಂಡಲ್ಲಿ ದೇವರನಾಮ ಕೇಳ್ತಾ ನಡೀತೀನಿ. ಮಗ ಹೇಳ್ತಾನೆ, ಅಮ್ಮಾ ಇದು ವಾಕಿಂಗ್ ಅಲ್ಲ ಪ್ರದಕ್ಷಿಣೆ, ಫಾಸ್ಟ್ ಹಾಡು ಹಾಕ್ಕೋ ಅಂತ. ನನಗೆ ಆ ಹಾಡುಗಳು ಇಷ್ಟ ಆಗಲ್ಲ. ಏನ್ ಮಾಡ್ಲಿ?
ಓದುಗಿ, ಹಾಸನ

ಅಮ್ಮಾ, ಇಷ್ಟ ಇಲ್ಲದ ಹಾಡು ಹಾಕ್ಕೊಂಡು ಯಾರೂ ಅರ್ಧ ಗಂಟೆ ನಡೆಯಲ್ಲ, ನಡೆದ್ರೂ ನಾಲ್ಕು ದಿನಕ್ಕೆ ಬಿಟ್ಟುಬಿಡ್ತಾರೆ. ದೇವರನಾಮವೇ ಇರಲಿ. ಆದ್ರೆ ಮಗ ಹೇಳೋದ್ರಲ್ಲಿ ಅರ್ಧ ನಿಜ ಇದೆ, ಯಾವ ದೇವರನಾಮ ಅನ್ನೋದನ್ನ ಮಾತ್ರ ನೋಡ್ಕೋಬೇಕು.

ಬಿರುಸು ನಡಿಗೆ ಅಂದ್ರೆ ಎಷ್ಟು ಅನ್ನೋದಕ್ಕೆ ದೊಡ್ಡೋರಿಗೆ ಸುಮಾರಾಗಿ ಹೇಳೋ ಲೆಕ್ಕ ನಿಮಿಷಕ್ಕೆ 100 ಹೆಜ್ಜೆ. ನಿಧಾನವಾಗಿ ರಾಗ ಎಳೆದು ಹಾಡಿರೋ ದೇವರನಾಮ 60, 65ರಲ್ಲಿ ಇರತ್ತೆ, ಅದಕ್ಕೆ ಹೆಜ್ಜೆ ಹಾಕಿದ್ರೆ ಕಾಲು ನಿಜವಾಗ್ಲೂ ಪ್ರದಕ್ಷಿಣೆ ಥರಾನೇ ಬೀಳತ್ತೆ. ಆದ್ರೆ ಭಜನಾ ಮಂಡಳಿಯೋರು ತಾಳ, ಡೋಲಕ್ ಹಿಡಿದು ಹಾಡಿರೋದನ್ನ ಹಾಕಿ ನೋಡಿ. ಭಜನೆ ಶುರುವಾಗೋದು ನಿಧಾನಕ್ಕೆ, ಒಬ್ಬರು ಹೇಳ್ತಾರೆ, ಎಲ್ಲರೂ ತಿರುಗಿ ಹೇಳ್ತಾರೆ, ಎರಡು ಮೂರು ಸುತ್ತು ಆದ್ಮೇಲೆ ತಾಳದೋರ ಕೈ ಚುರುಕಾಗತ್ತೆ, ಕೊನೇ ಹೊತ್ತಿಗೆ ಕೂತಿರೋರೂ ಎದ್ದು ನಿಲ್ಲೋ ಹಾಗಾಗತ್ತೆ. ಒಂದು ಒಳ್ಳೇ ವಾಕಿಂಗ್ ಕೂಡ ಹಾಗೇ ಇರ್ಬೇಕು. ಮೊದಲ ಐದು ನಿಮಿಷ ನಿಮ್ಮ ನಿಧಾನದ ದೇವರನಾಮ, ಆಮೇಲೆ ಇಪ್ಪತ್ತು ನಿಮಿಷ ತಾಳ ಇರೋ ಭಜನೆ, 100ರಿಂದ 115ರೊಳಗೆ, ಕೊನೇ ಐದು ನಿಮಿಷ ಮತ್ತೆ ನಿಧಾನದ್ದು. ಮಗನ ಹತ್ರ ಈ ಮೂರನ್ನೂ ಒಂದೇ ಪ್ಲೇಲಿಸ್ಟ್ ಮಾಡಿಸ್ಕೊಳ್ಳಿ, ಅವರಿಗೂ ಖುಷಿ ಆಗತ್ತೆ.

ಸರಿಯಾದ ವೇಗದಲ್ಲಿ ಇದೀರಾ ಅಂತ ತಿಳ್ಕೊಳ್ಳೋಕೆ ವಾಚ್ ಬೇಡ. ಭಜನೆ ಜೊತೆ ದನಿಗೂಡಿಸಿ ನೋಡಿ. ಆರಾಮಾಗಿ ಪೂರ್ತಿ ಚರಣ ಹಾಡೋಕೆ ಆಗ್ತಿದ್ರೆ ಇನ್ನೂ ಸ್ವಲ್ಪ ಬಿರುಸಾಗಬೇಕು. ಮಾತಾಡೋಕೆ ಆಗ್ತಿದೆ, ಹಾಡೋಕೆ ಉಸಿರು ಸಾಲ್ತಿಲ್ಲ ಅಂದ್ರೆ ಸರಿಯಾಗಿದೆ. ಮಾತೂ ಆಗ್ತಿಲ್ಲ ಅಂದ್ರೆ ಜಾಸ್ತಿ ಆಯ್ತು, ಹಾಡು ಏನೇ ಹೇಳ್ಲಿ ನೀವು ನಿಧಾನ ಮಾಡಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೋತಿದ್ರೆ ನಡೆಯೋ ಹೊತ್ತು ಊಟದ ಹೊತ್ತು ಎರಡನ್ನೂ ನಿಮ್ಮ ಡಾಕ್ಟರ್ ಹತ್ರ ಕೇಳ್ಕೊಳ್ಳಿ, ಸೊಂಟದಲ್ಲಿ ಒಂದು ಚಿಕ್ಕ ಪೊಟ್ಟಣದಲ್ಲಿ ಸಕ್ಕರೆ ಇರಲಿ. ಕೈ ನಡುಗೋದು, ಬೆವರೋದು, ಕಣ್ಣು ಮಂಜಾಗೋದು ಶುರುವಾದ್ರೆ ಅಲ್ಲೇ ನಿಂತು ಬಾಯಿಗೆ ಹಾಕ್ಕೊಳ್ಳಿ.

ಪ್ರಶ್ನೆ: ಅಕ್ಕಾರ, ನಮಸ್ಕಾರ ರೀ. ಜಿಮ್ಮಿಗೆ ಹೊಂಟು ಒಂದ ವರ್ಷ ಆತು. ನಮ್ಮ ಜಿಮ್‌ನ್ಯಾಗ ಸೌಂಡ್ ಎಷ್ಟ್ ಇರತೈತಿ ಅಂದ್ರ ಬಾಜೂಕ ನಿಂತಾಂವ ಮಾತಾಡಿದ್ರೂ ಕೇಳಂಗಿಲ್ಲ. ಆದ್ರ ಹಾಡ ಜೋರ ಇದ್ದಾಗ ಭಾರ ಹಗುರ ಅನಸ್ತೈತಿ. ಇದು ಖರೇನ ಏನು? ಬೀಟಿಗೆ ಸರಿಯಾಗಿ ಎತ್ತಬೇಕೇನ್ರಿ?
ಓದುಗ, ಹುಬ್ಬಳ್ಳಿ

ಹಗುರ ಅನ್ಸೋದು ಖರೇನೇ, ಭ್ರಮೆ ಅಲ್ಲ. ಲಂಡನ್ನಿನ ಬ್ರೂನೆಲ್ ಯೂನಿವರ್ಸಿಟಿಯ ಕೋಸ್ಟಾಸ್ ಕರಗಿಯೋರ್ಗಿಸ್ ಅನ್ನೋರು ಸಂಗೀತ ಮತ್ತೆ ವ್ಯಾಯಾಮದ ಬಗ್ಗೆಯೇ ಎಷ್ಟೋ ವರ್ಷದಿಂದ ಸಂಶೋಧನೆ ಮಾಡ್ತಾ ಬಂದಿದಾರೆ. ಹಗುರದಿಂದ ಮಧ್ಯಮ ಮಟ್ಟದ ವ್ಯಾಯಾಮದಲ್ಲಿ ಸರಿಯಾದ ಹಾಡು ಇದ್ರೆ ಶ್ರಮ ಸುಮಾರು ನೂರಕ್ಕೆ ಹತ್ತರಷ್ಟು ಕಮ್ಮಿ ಅನ್ಸತ್ತೆ ಅನ್ನೋದು ಅವರ ಕೆಲಸದಿಂದ ಗೊತ್ತಾಗಿರೋದು. ಮಾಂಸಖಂಡ ಅಷ್ಟೇ ದುಡೀತಿರತ್ತೆ, ದಣಿವಿನ ಸುದ್ದಿ ಮನಸ್ಸಿಗೆ ಮುಟ್ಟೋದು ಕಮ್ಮಿ ಆಗತ್ತೆ, ಅಲ್ಲಿ ಹಾಡು ಕೂತಿರತ್ತಲ್ಲ. ಆದ್ರೆ ತೀರಾ ಏದುಸಿರು ಬರೋ ಮಟ್ಟಕ್ಕೆ ಹೋದ್ರೆ ಈ ಉಪಕಾರ ಸಿಗಲ್ಲ, ಆಗ ದೇಹದ ಕೂಗೇ ಎಲ್ಲಕ್ಕಿಂತ ಜೋರು.

ಇದನ್ನ ಸೈಕಲ್ ಮೇಲೂ ನೋಡಿದಾರೆ. ಲಿವರ್‌ಪೂಲ್‌ನಲ್ಲಿ 12 ಜನರನ್ನ ಜಿಮ್ ಸೈಕಲ್ ಮೇಲೆ ಕೂರಿಸಿ ಅವವೇ ಹಾಡುಗಳನ್ನ ಒಂದು ಸಲ ಮಾಮೂಲಿ, ಒಂದು ಸಲ ಶೇಕಡ 10 ಫಾಸ್ಟ್, ಒಂದು ಸಲ ಶೇಕಡ 10 ಸ್ಲೋ ಮಾಡಿ ಕೇಳಿಸಿದ್ರು. ವೇಗ ಎಷ್ಟು ಬೇಕೋ ಅಷ್ಟು ಇಟ್ಕೊಳ್ಳಿ ಅಂತ ಅವರಿಗೇ ಬಿಟ್ಟಿದ್ರು. ಹಾಡು ಫಾಸ್ಟ್ ಆದಾಗ ಜಾಸ್ತಿ ದೂರ ತುಳಿದ್ರು, ಸ್ಲೋ ಆದಾಗ ಕಮ್ಮಿ. ಹಾಗಾಗಿ ನೀವು ಟ್ರೆಡ್‌ಮಿಲ್, ಸೈಕಲ್ ಮಾಡೋ ಹೊತ್ತಲ್ಲಿ ಹಾಡಿನ ವೇಗಕ್ಕೆ ಬೆಲೆ ಇದೆ, 120ರಿಂದ 140ರೊಳಗಿನದ್ದು ಹೆಚ್ಚಿನೋರಿಗೆ ಹಿಡಿಸತ್ತೆ.

ಭಾರ ಎತ್ತೋಕೆ ಬೀಟು ಹಿಡೀಬೇಡ್ರಿ. ಬಾರ್ಬೆಲ್ ಕೆಳಗೆ ಇಳಿಸೋಕೆ ಎರಡು ಮೂರು ಸೆಕೆಂಡ್ ಕೊಡ್ಬೇಕು, ಮೇಲೆ ಎತ್ತೋದು ಆ ದಿನದ ಭಾರ ಎಷ್ಟಿದೆಯೋ ಅದರ ಮೇಲೆ. 128ರ ಹಾಡಿಗೆ ಸ್ಕ್ವಾಟ್ ಮಾಡಿದ್ರೆ ಇಳಿಯೋದು ಧಡಕ್ ಅಂತ ಆಗತ್ತೆ, ಮಂಡಿ ಒಳಗೆ ಬಾಗತ್ತೆ, ಬೆನ್ನು ಗುಂಡಗಾಗತ್ತೆ. ಎತ್ತುವಾಗ ಉಸಿರನ್ನ ಎಣಿಸ್ರಿ. ಹಾಡನ್ನ ಸೆಟ್ಟಿನ ನಡುವೆ ಇಟ್ಕೋರಿ, ಹಾಡಿನ ಪಲ್ಲವಿ ಮತ್ತೆ ಒಂದು ಚರಣ ಮುಗಿಯೋವರೆಗೆ ರೆಸ್ಟ್ ಅಂತ, ಹೆಚ್ಚು ಕಮ್ಮಿ ಒಂದೂವರೆ ನಿಮಿಷ ಸಿಗತ್ತೆ, ಮೊಬೈಲ್ ನೋಡೋ ಕೆಲಸ ಇಲ್ಲ.

ಸೌಂಡಿನ ವಿಷಯಕ್ಕೆ ಮಾತ್ರ ನನಗೆ ಚಿಂತೆ ಆಯ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ 80 ಡೆಸಿಬೆಲ್ ಸದ್ದನ್ನ ವಾರಕ್ಕೆ 40 ಗಂಟೆ ತನಕ ಕೇಳಬಹುದು, ಅದೇ 90 ಆದ್ರೆ ವಾರಕ್ಕೆ ನಾಲ್ಕೇ ಗಂಟೆ. ಪಕ್ಕದೋನ ಮಾತು ಕೇಳಲ್ಲ ಅಂದ್ರೆ ನಿಮ್ಮ ಜಿಮ್ಮಿನ ಸ್ಪೀಕರ್ 80 ದಾಟಿದೆ ಅಂತಾನೇ ಇಟ್ಕೋರಿ. ದಿನಾ ಒಂದೂವರೆ ಗಂಟೆ ಆರು ದಿನ ಅಲ್ಲಿದ್ರೆ ವಾರಕ್ಕೆ ಒಂಬತ್ತು ಗಂಟೆ ಆಯ್ತು. ಮನೆಗೆ ಹೋದ್ಮೇಲೆ ಕಿವೀಲಿ ಗುಂಯ್ ಅನ್ನತ್ತಾ ಅಂತ ಇವತ್ತೇ ಗಮನಿಸ್ರಿ. ಅನ್ನತ್ತೆ ಅಂದ್ರೆ ಜಿಮ್ ನಡೆಸೋರ ಹತ್ರ ನಾಲ್ಕು ಜನ ಸೇರಿ ಮಾತಾಡ್ರಿ, ಇಲ್ಲಾ ಕಿವಿಗೆ ಫೋಮ್ ಪ್ಲಗ್ ಹಾಕ್ಕೋರಿ, ಹಾಡು ಆಗಲೂ ಕೇಳತ್ತೆ. ಕಿವಿಯೊಳಗಿನ ಕೂದಲಿನಂಥ ಜೀವಕೋಶ ಸತ್ರೆ ಮತ್ತೆ ಹುಟ್ಟಲ್ಲ.

ಪ್ರಶ್ನೆ: ನಾನು ಆರು ವರ್ಷದಿಂದ ಮೃದಂಗ ಕಲೀತಿದೀನಿ, ಈಗ ಓಟಾನೂ ಶುರು ಮಾಡಿದೀನಿ. ಹಾಡು ಕೇಳೋ ಬದಲು ಮನಸ್ಸಲ್ಲೇ ತಾಳ ಹಾಕ್ಕೊಂಡು ಓಡಬಹುದಾ? ಯಾವ ನಡೆ, ಅಂದ್ರೆ ನಾಲ್ಕು, ಮೂರು, ಐದು ಹೀಗೆ ಲಯ ಎಣಿಸೋ ರೀತಿ, ಒಳ್ಳೇದು?
ಓದುಗಿ, ಮೈಸೂರು

ಈ ಪತ್ರ ಓದಿ ಎದ್ದು ನಿಂತೇ ಬಿಟ್ಟೆ, ಯಾಕಂದ್ರೆ ನಾನೂ ಚಿಕ್ಕೋಳಿದ್ದಾಗ ಸರಳೆ ವರಸೆ ಹಾಡ್ಕೊಂಡು ಬೆಳೆದೋಳು, ಮೊದಲನೇ ಕಾಲ, ಅದರ ಎರಡರಷ್ಟು ವೇಗದ ಎರಡನೇ ಕಾಲ ಅಂತ ನಮ್ಮ ಮೇಷ್ಟ್ರು ಕೈಮೇಲೆ ತಟ್ಟಿ ಹೇಳಿಕೊಟ್ಟಿದ್ದು ಓಟದಲ್ಲಿ ಇಷ್ಟು ಕೆಲಸಕ್ಕೆ ಬರತ್ತೆ ಅಂತ ಆಗ ಗೊತ್ತಿರ್ಲಿಲ್ಲ. ಮೇಲೆ ದಾವಣಗೆರೆಯೋರಿಗೆ ಹೇಳಿದ್ನಲ್ಲ, ಒಂದು ಪೆಟ್ಟಿಗೆ ಎರಡು ಹೆಜ್ಜೆ ಅಂತ, ಅದು ಎರಡನೇ ಕಾಲವೇ.

ಆದಿತಾಳ ಹಿಡೀರಿ. ಅಕ್ಷರ, ಅಂದ್ರೆ ತಾಳದ ಒಂದೊಂದು ಎಣಿಕೆ, ನಿಮಿಷಕ್ಕೆ 80 ಬರೋ ಹಾಗೆ, ಅಕ್ಷರಕ್ಕೆ ಎರಡು ಹೆಜ್ಜೆ. ಎಂಟು ಅಕ್ಷರಕ್ಕೆ ಹದಿನಾರು ಹೆಜ್ಜೆ, ಒಂದು ಆವರ್ತನಕ್ಕೆ, ಅಂದ್ರೆ ತಾಳದ ಒಂದು ಸುತ್ತಿಗೆ, ಸರಿಯಾಗಿ ಆರು ಸೆಕೆಂಡ್. ಹತ್ತು ಆವರ್ತನ ಆದ್ರೆ ಒಂದು ನಿಮಿಷ, 160 ಹೆಜ್ಜೆ. ಎರಡು ನಿಮಿಷ ಬಿರುಸು ಒಂದು ನಿಮಿಷ ನಿಧಾನ ಅಂತ ಇಂಟರ್ವಲ್ ಮಾಡೋರು ಪದೇ ಪದೇ ವಾಚ್ ನೋಡ್ತಾರೆ, ನೀವು ಆವರ್ತನ ಎಣಿಸಿದ್ರೆ ಆಯ್ತು. ಮನಸ್ಸಲ್ಲಿ ಹಾಕೋ ತಾಳ ದಣಿವಾದಾಗ ಓಡೋಕೆ ಶುರು ಮಾಡತ್ತೆ, ಕಛೇರೀಲಿ ತನಿ, ಅಂದ್ರೆ ಮೃದಂಗದೋರೇ ನುಡಿಸೋ ಹೊತ್ತಿಗೆ ಕೆಲವರಿಗೆ ಕಾಲಪ್ರಮಾಣ, ಅಂದ್ರೆ ತಾಳದ ವೇಗ, ಏರಿಬಿಡತ್ತಲ್ಲ ಹಾಗೆ. ಹತ್ತು ನಿಮಿಷಕ್ಕೊಂದು ಸಲ ಮೆಟ್ರೊನೋಮ್, ಅಂದ್ರೆ ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನೋ ಸಾಧನ, ಹಾಕಿ ಪರೀಕ್ಷೆ ಮಾಡ್ಕೊಳ್ಳಿ, ಮೃದಂಗಕ್ಕೂ ಅದು ಒಳ್ಳೇ ಸಾಧನೆ.

ನಡೆಯ ವಿಷಯ ಇನ್ನೂ ಚೆನ್ನಾಗಿದೆ. ಚತುರಶ್ರದಲ್ಲಿ, ಅಂದ್ರೆ ನಾಲ್ಕರ ನಡೆಯಲ್ಲಿ, ಘಾತ, ಅಂದ್ರೆ ಒತ್ತಿನ ಪೆಟ್ಟು, ಯಾವಾಗ್ಲೂ ಒಂದೇ ಕಾಲಿನ ಮೇಲೆ ಬೀಳತ್ತೆ. ಬಲಗಾಲಲ್ಲಿ ಶುರು ಮಾಡಿದ್ರೆ ಓಟ ಮುಗಿಯೋವರೆಗೂ ಪ್ರತಿ ಘಾತ ಬಲಗಾಲಿಗೇ, ಆ ಕಾಲನ್ನ ನಮಗೆ ಗೊತ್ತಿಲ್ಲದೇ ಸ್ವಲ್ಪ ಒತ್ತಿ ಇಡ್ತೀವಿ. ತಿಶ್ರ, ಅಂದ್ರೆ ಮೂರರ ನಡೆ, ಹಾಕಿ ನೋಡಿ, ತಕಿಟ ತಕಿಟ ಅಂತ ಹೆಜ್ಜೆಗೊಂದು ಅಕ್ಷರ, ಮೊದಲನೇ ತ ಬಲಗಾಲಿಗೆ, ಎರಡನೇ ತ ಎಡಗಾಲಿಗೆ, ಒತ್ತು ಎರಡೂ ಕಾಲಿಗೆ ಹಂಚಿಹೋಗತ್ತೆ. ನಮ್ಮ ಎಷ್ಟೋ ಜನಪದ ಹಾಡು ಈ ನಡೆಯಲ್ಲೇ ಇರೋದು, ನಾಟಿ ಹಾಕ್ತಾ, ರಾಗಿ ಬೀಸ್ತಾ ಹಾಡಿದ್ದು, ಗಂಟೆಗಟ್ಟಲೆ ಮೈ ಬಗ್ಗಿಸೋ ಕೆಲಸಕ್ಕೆ ಒಗ್ಗಿದ ಲಯ ಅದು.

ಖಂಡ, ಅಂದ್ರೆ ಐದರ ನಡೆ, ಇನ್ನೊಂದು ಕೆಲಸಕ್ಕೆ. ಮೂರು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ ಅಂತ ಓಟಗಾರರು ಒಂದು ಉಸಿರಾಟದ ಅಭ್ಯಾಸ ಮಾಡ್ತಾರೆ. ಐದು ಹೆಜ್ಜೆಗೊಂದು ಉಸಿರು ಆದ್ರಿಂದ ಉಸಿರು ಬಿಡೋಕೆ ಶುರು ಮಾಡೋ ಕ್ಷಣ ಒಂದು ಸಲ ಬಲಗಾಲಿಗೆ ಬಂದ್ರೆ ಮುಂದಿನ ಸಲ ಎಡಗಾಲಿಗೆ ಬರತ್ತೆ. ಹೊಸಬರು ಇದನ್ನ ಕಲಿಯೋಕೆ ಒಂದು ತಿಂಗಳು ಒದ್ದಾಡೋದು ನೋಡಿದೀನಿ. ನಿಮಗೆ ತಕಿಟ ತಕ ಅಂದ್ರೆ ಸಾಕು, ತಕಿಟಕ್ಕೆ ಒಳಗೆ, ತಕಕ್ಕೆ ಹೊರಗೆ. 160 ಹೆಜ್ಜೆಗೆ ನಿಮಿಷಕ್ಕೆ 32 ಉಸಿರು ಆಯ್ತು, ಆರಾಮದ ಓಟಕ್ಕೆ ಸರಿಯಾಗಿದೆ. ಏರು ಬಂದಾಗ ಅದು ಸಾಲಲ್ಲ, ಎರಡಕ್ಕೆ ಒಳಗೆ ಒಂದಕ್ಕೆ ಹೊರಗೆ ಅಂತ ತಿಶ್ರಕ್ಕೆ ಬನ್ನಿ.

ಪ್ರಶ್ನೆ: ಬೆಂಗಳೂರಿನಲ್ಲಿ ಒಂದು 10 ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದೀನಿ. ಹಾಡಿಲ್ಲದೇ ನನಗೆ ಎರಡು ಕಿಲೋಮೀಟರೂ ಓಡೋಕಾಗಲ್ಲ. ಇಯರ್‌ಫೋನ್ ಬಿಡ್ತಾರಾ?
ಓದುಗ, ತುಮಕೂರು

ಗೆಲ್ಲೋಕೆ ಓಡೋರಿಗೆ ಬಿಡಲ್ಲ. ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ನಿಯಮದಲ್ಲಿ ರೇಡಿಯೊ, ಪ್ಲೇಯರ್, ಫೋನ್ ಎಲ್ಲ ಹೊರಗಿನ ಸಹಾಯ ಅಂತಾನೇ ಲೆಕ್ಕ. ಅಮೆರಿಕಾದಲ್ಲಿ 2007ರಲ್ಲಿ ಎಲ್ಲ ಓಟಗಾರರಿಗೂ ನಿಷೇಧ ಮಾಡಿದ್ರು, ಸಾಮಾನ್ಯ ಓಟಗಾರರು ತುಂಬಾ ಬೇಜಾರು ಮಾಡ್ಕೊಂಡ್ರು, ಆಮೇಲೆ ಬಹುಮಾನಕ್ಕೆ ಓಡೋರಿಗೆ ಮಾತ್ರ ಅಂತ ಸಡಿಲ ಮಾಡಿದ್ರು. ಹಾಡು ಸಹಾಯ ಮಾಡತ್ತೆ ಅನ್ನೋದಕ್ಕೆ ಇದೇ ಒಂದು ಸಾಕ್ಷಿ ಅಂತ ನನಗನ್ಸತ್ತೆ. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಳಾಂಗಣ 2000 ಮೀಟರನ್ನ 4 ನಿಮಿಷ 52.86 ಸೆಕೆಂಡಲ್ಲಿ ಓಡಿ ವಿಶ್ವದಾಖಲೆ ಮಾಡಿದಾಗ ತನ್ನ ಕಾಲಿಗೆ ಒಗ್ಗೋ ಒಂದು ಪಾಪ್ ಹಾಡನ್ನ ಸ್ಟೇಡಿಯಂ ಸ್ಪೀಕರ್‌ನಲ್ಲೇ ಹಾಕಿಸಿದ್ರು, ಅಲ್ಲಿದ್ದ ಎಲ್ಲರಿಗೂ ಅದೇ ಹಾಡು.

ನೀವು ಹೆಸರು ಕೊಟ್ಟಿರೋ ಓಟದ ನಿಯಮ ಏನಿದೆ ಅಂತ ಅವರು ಕಳಿಸಿರೋ ಮೇಲ್‌ನಲ್ಲಿ ಓದಿ. ಬಿಡ್ತಾರೆ ಅಂದ್ರೂ ಒಂದೇ ಕಿವಿಗೆ ಹಾಕ್ಕೊಳ್ಳಿ, ಸಣ್ಣ ಸೌಂಡಲ್ಲಿ. ಹಿಂದಿನಿಂದ ಬರೋರು ಸೈಡ್ ಸೈಡ್ ಅಂತ ಕೂಗೋದು, ಆಂಬುಲೆನ್ಸ್ ಸದ್ದು ಕೇಳಿಸಬೇಕು. ಮಾಮೂಲಿ ದಿನ ರೋಡಲ್ಲಿ ಓಡುವಾಗ್ಲೂ ಇದೇ, ನಮ್ಮ ಊರುಗಳಲ್ಲಿ ರಾಂಗ್ ಸೈಡಲ್ಲಿ ಬರೋ ಬೈಕು ಮೊದಲು ಗೊತ್ತಾಗೋದು ಕಿವಿಗೇ.

ಹಾಡಿಲ್ಲದೇ ಆಗಲ್ಲ ಅನ್ನೋದನ್ನ ಮಾತ್ರ ಓಟದ ದಿನಕ್ಕೆ ಮುಂಚೆ ಸರಿ ಮಾಡ್ಕೊಳ್ಳಿ. ಬ್ಯಾಟರಿ ಮುಗೀಬಹುದು, ಮಳೆ ಬರಬಹುದು. ವಾರಕ್ಕೊಂದು ದಿನ ನಿಮ್ಮ ಮಾಮೂಲಿ ಹಾಡನ್ನ ಮೊದಲ ಐದು ನಿಮಿಷ ಕೇಳಿ, ಆಫ್ ಮಾಡಿ, ಅದೇ ವೇಗವನ್ನ ಮುಂದಿನ ಐದು ನಿಮಿಷ ಹಿಡಿದಿಡೋಕೆ ನೋಡಿ, ಮತ್ತೆ ಹಾಕಿ. ಹಾಡು ವಾಪಸ್ ಬಂದಾಗ ಕಾಲು ಅದರ ಮೇಲೇ ಬೀಳ್ತಿದ್ರೆ ತಾಳ ನಿಮ್ಮೊಳಗೆ ಕೂತಿದೆ ಅಂತ. ಮೂರ್ನಾಲ್ಕು ವಾರದಲ್ಲಿ ಆ ಐದು ಹತ್ತಾಗತ್ತೆ.

ಪ್ರಶ್ನೆ: ನಾನು ಸಾಗರ ತಾಲೂಕಿನ ಸರ್ಕಾರಿ ಶಾಲೇಲಿ ದೈಹಿಕ ಶಿಕ್ಷಕ. 40 ಮಕ್ಕಳು, ಇರೋದು ಒಂದು ಸೀಟಿ, ಒಂದು ಮೊಬೈಲು. ಓಡು ಅಂದ್ರೆ ಎಲ್ಲಾ ಮಕ್ಕಳೂ ಮೊದಲ ನೂರು ಮೀಟರ್ ಜೀವ ಬಿಟ್ಟು ಓಡಿ ಆಮೇಲೆ ಕೂತ್ಕೋತಾರೆ. ಹಾಡಿನ ಉಪಾಯ ನಮ್ಮಂಥೋರಿಗೂ ಆಗತ್ತಾ?
ಓದುಗ, ಶಿವಮೊಗ್ಗ ಜಿಲ್ಲೆ

ಮೇಷ್ಟ್ರೇ, ನಿಮ್ಮ ಸೀಮೇಲಿ ಡೊಳ್ಳು ಇದೆ. ಅದಕ್ಕಿಂತ ಒಳ್ಳೇ ಸಾಮಾನು ನಗರದ ಯಾವ ಜಿಮ್ಮಿನಲ್ಲೂ ಇಲ್ಲ. ಮಕ್ಕಳಲ್ಲೇ ಇಬ್ಬರು ಮೂವರಿಗೆ ಬಾರಿಸೋಕೆ ಬರತ್ತೆ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಲುಕ್ ಲೆಜೆ ಅನ್ನೋ ವಿಜ್ಞಾನಿ 1980ರ ದಶಕದಲ್ಲಿ ಒಂದು ಪರೀಕ್ಷೆ ಮಾಡಿದ್ರು, ನಿಮಗೆ ಬೀಪ್ ಟೆಸ್ಟ್ ಅಂತ ಗೊತ್ತಿರತ್ತೆ. 20 ಮೀಟರ್ ಅಂತರದಲ್ಲಿ ಎರಡು ಗೆರೆ, ಬೀಪ್ ಬರೋ ಹೊತ್ತಿಗೆ ಆಚೆ ಗೆರೆ ಮುಟ್ಟಬೇಕು, ಮತ್ತೆ ಬೀಪ್‌ಗೆ ಈಚೆ ಗೆರೆ. ಶುರುವಿನ ವೇಗ ಗಂಟೆಗೆ 8.5 ಕಿಲೋಮೀಟರ್, ನಿಮಿಷಕ್ಕೊಂದು ಸಲ ಅರ್ಧ ಕಿಲೋಮೀಟರ್ ಏರತ್ತೆ. ಬೇಗ ಹೋಗಿ ಮುಟ್ಟಿದೋನು ಅಲ್ಲೇ ಕಾಯಬೇಕು, ಹಾಗಾಗಿ ಯಾರೂ ಜೀವ ಬಿಟ್ಟು ಓಡಲ್ಲ. ನಿಮಗೆ ಬೇಕಾಗಿರೋದೂ ಇದೇ ಅಲ್ವಾ.

ಈಗ ಬೀಪ್ ಬದಲು ಡೊಳ್ಳು. ಎಂಟು ಪೆಟ್ಟಿನ ಒಂದು ಸುತ್ತು ಬಾರಿಸಲಿ, ಮೊದಲನೇ ಪೆಟ್ಟು ದೊಡ್ಡದು, ಉಳಿದ ಏಳು ಸಣ್ಣವು. ದೊಡ್ಡ ಪೆಟ್ಟಿಗೆ ಎಲ್ಲರ ಕಾಲೂ ಗೆರೆ ಮೇಲೆ ಇರಬೇಕು. ನಡುವಿನ ಸಣ್ಣ ಪೆಟ್ಟುಗಳು ಮಕ್ಕಳಿಗೆ ತುಂಬಾ ಸಹಾಯ ಮಾಡತ್ತೆ, ಬೀಪ್‌ನಲ್ಲಿ ಅದಿಲ್ಲ. ಐದನೇ ಪೆಟ್ಟಿಗೆ ನಾನು ಅರ್ಧ ದಾರೀಲಿ ಇರಬೇಕು ಅಂತ ಅವರಿಗೇ ತಿಳಿಯತ್ತೆ. ನಿಮ್ಮ ಮೊಬೈಲಲ್ಲಿ ಮೆಟ್ರೊನೋಮ್ ಆ್ಯಪ್ ಹಾಕಿ ಬಾರಿಸೋ ಹುಡುಗನ ಕಿವಿಗೆ ಇಯರ್‌ಫೋನ್ ಕೊಡಿ. ಮೊದಲನೇ ನಿಮಿಷ 57ಕ್ಕೆ ಇಡಿ, ಎರಡನೇ ನಿಮಿಷ 60, ಆಗ ಒಂದು ಸುತ್ತಿಗೆ ಸರಿಯಾಗಿ ಎಂಟು ಸೆಕೆಂಡ್, ಗಂಟೆಗೆ 9 ಕಿಲೋಮೀಟರ್ ವೇಗ. ಮೂರನೇ ನಿಮಿಷ 63, ನಾಲ್ಕನೇದು 67. ಐದನೇ ಕ್ಲಾಸಿನ ಮಕ್ಕಳಿಗೆ ಮೊದಲ ವಾರ 60 ದಾಟಬೇಡಿ.

ಎರಡು ಸಲ ಸತತವಾಗಿ ಗೆರೆ ತಪ್ಪಿದ ಮಗು ಓಟ ನಿಲ್ಲಿಸಿ ಬಂದು ಚಪ್ಪಾಳೆ ತಂಡಕ್ಕೆ ಸೇರಲಿ, ಔಟ್ ಅಂತ ಕೂರಿಸಬೇಡಿ. ಚಪ್ಪಾಳೆಯೂ ಅದೇ ಎಂಟರ ಸುತ್ತಿಗೆ. ಕೊನೆಗೆ ಓಡೋರು ನಾಲ್ಕು ಜನ, ತಾಳ ಹಾಕೋರು 36 ಜನ ಆಗ್ತಾರೆ. ಮಳೆಗಾಲದಲ್ಲಿ ಗ್ರೌಂಡ್ ಜಾರತ್ತೆ, ಆಗ ಶಾಲೆ ಜಗುಲೀಲಿ ನಿಂತಲ್ಲೇ ಹಗ್ಗದಾಟ ಆಡಿಸಿ, ಒಂದು ಪೆಟ್ಟಿಗೆ ಎರಡು ಜಿಗಿತ, 60ರ ಡೊಳ್ಳಿಗೆ ನಿಮಿಷಕ್ಕೆ 120 ಜಿಗಿತ ಆಗತ್ತೆ. ಡೊಳ್ಳು ಸಿಗದ ದಿನ ಬೆಂಚು ಬಡಿದ್ರೂ ಸಾಕು. ಒಂದು ತಿಂಗಳು ಮಾಡಿಸಿ, ಯಾವ ಮಗು ಎಷ್ಟನೇ ನಿಮಿಷದವರೆಗೆ ಓಡ್ತು ಅಂತ ಹಾಜರಿ ಪುಸ್ತಕದ ಹಿಂದೆ ಬರೆದಿಟ್ಟು ನನಗೆ ಕಳಿಸಿ, ಅದನ್ನ ಇದೇ ಅಂಕಣದಲ್ಲಿ ಹಾಕೋಣ. ಬಾರಿಸಿದ ಹುಡುಗರ ಬಗ್ಗೆಯೂ ಎರಡು ಸಾಲು ಬರೀರಿ.